ರೆಂಡರ್ ಪ್ರತಿ ಸಲ 28ನೇ ನಿಮಿಷಕ್ಕೇ ನಿಲ್ಲುತ್ತಿದ್ದರೆ ಗ್ರಾಫಿಕ್ಸ್ ಕಾರ್ಡ್ ಬೈಯಬೇಡಿ

ಒಂದು ಗಂಟೆಯ ಮದುವೆ ವಿಡಿಯೊ. 1080ಪಿ, ಎಚ್.264, ಬಿಟ್‌ರೇಟ್ 20 ಎಂಬಿಪಿಎಸ್, ಅಂದರೆ ಸೆಕೆಂಡಿಗೆ 20 ಮೆಗಾಬಿಟ್. ಎಡಿಟ್ ಮುಗಿಸಿ, ಎಲ್ಲ ಸೇರಿ ಒಂದೇ ಫೈಲ್ ಆಗಲಿ ಎಂದು ರಾತ್ರಿ ರೆಂಡರ್‌ಗೆ ಹಾಕಿ ಮಲಗಿದರೆ ಬೆಳಿಗ್ಗೆ ಸ್ಕ್ರೀನ್ ಮೇಲೆ ಎರರ್. ಮತ್ತೆ ಹಾಕಿದರೂ ಅಲ್ಲೇ, ಅರ್ಧಕ್ಕೆ ತುಸು ಮೊದಲೇ ಗೊಟಕ್. ಆಮೇಲೆ ಶುರುವಾಗುತ್ತದೆ ಉಪದೇಶ: ಡ್ರೈವರ್ ಬದಲಿಸು, ಸಾಫ್ಟ್‌ವೇರ್ ಕಿತ್ತು ಮತ್ತೆ ಹಾಕು, ವಿಂಡೋಸನ್ನೇ ಹೊಸದಾಗಿ ಹಾಕು. ಎರಡು ದಿನ ಮಣ್ಣುಪಾಲು. ತಪ್ಪಿರುವುದು ಸಿಪಿಯು ಡಬ್ಬಕ್ಕೆ ಸಿಕ್ಕಿಸಿ ನೇರವಾಗಿ ರೆಂಡರ್ ಬರೆಸುತ್ತಿರುವ ಪೆನ್‌ಡ್ರೈವ್‌ನಲ್ಲಿ.

32 ಜಿಬಿ ಮತ್ತು ಅದಕ್ಕಿಂತ ಚಿಕ್ಕ ಪೆನ್‌ಡ್ರೈವ್‌ಗಳು ಸಾಮಾನ್ಯವಾಗಿ ಫ್ಯಾಟ್32 ಫಾರ್ಮ್ಯಾಟ್‌ನಲ್ಲೇ (ಡ್ರೈವ್‌ನಲ್ಲಿ ಫೈಲ್ ಜೋಡಿಸಿಡುವ ಒಂದು ಪದ್ಧತಿ, ಅಂದರೆ ಫೈಲ್ ಸಿಸ್ಟಮ್) ಬರುತ್ತವೆ. ಅದರಲ್ಲಿ ಒಂದು ಫೈಲ್ 4 ಜಿಬಿ ಮುಟ್ಟುವಂತಿಲ್ಲ, ಒಂದು ಬೈಟ್ ಕಡಿಮೆಯೇ ಇರಬೇಕು. ಡ್ರೈವ್ ಪೂರ್ತಿ ಖಾಲಿ ಇದ್ದರೂ ಅಷ್ಟೇ. ಎಂಟು ಬಿಟ್‌ಗೆ ಒಂದು ಬೈಟ್, ಹಾಗಾಗಿ 20 ಎಂಬಿಪಿಎಸ್ ಎಂದರೆ ನಿಮಿಷಕ್ಕೆ 150 ಎಂಬಿ. ಇಪ್ಪತ್ತೆಂಟೂವರೆ ನಿಮಿಷಕ್ಕೆ ಮಿತಿ ಮುಗಿಯಿತು. ಅಲ್ಲಿವರೆಗೆ ಬರೆದ ಅರ್ಧ ಫೈಲ್ ಆದರೂ ಓಡೀತೇ? ಅದೂ ಇಲ್ಲ. ಯಾವ ಫ್ರೇಮ್ ಎಲ್ಲಿದೆ ಎಂಬ ಪಟ್ಟಿಯನ್ನು ಎಂಪಿ4 ಸಾಮಾನ್ಯವಾಗಿ ಕೊನೆಯಲ್ಲಿ ಬರೆಯುತ್ತದೆ. ಅದಿಲ್ಲದ 4 ಜಿಬಿ ಬರೀ ಕಸ.

ಅದಕ್ಕೇ, ಏನನ್ನೂ ಮುಟ್ಟುವ ಮೊದಲು ಎಲ್ಲಿ ನಿಂತಿತು ಎಂದು ಬರೆದಿಟ್ಟುಕೊಳ್ಳಿ. ಬಿಟ್‌ರೇಟ್ 10ಕ್ಕೆ ಇಳಿಸಿದಾಗ ನಿಲ್ಲುವ ಜಾಗ 57ನೇ ನಿಮಿಷದ ಹತ್ತಿರಕ್ಕೆ ಸರಿದರೆ ಡಿಸ್ಕ್ ಫಾರ್ಮ್ಯಾಟಿನದೇ ತಪ್ಪು. ಪ್ರತಿ ಸಲ ಬೇರೆ ಬೇರೆ ಕಡೆ ನಿಂತರೆ ಬಿಸಿ, ರ‍್ಯಾಮ್ ಅಥವಾ ಡ್ರೈವರ್ ನೋಡಿ. ಬಿಟ್‌ರೇಟ್ ಎಷ್ಟಿದ್ದರೂ ಅದೇ ಫ್ರೇಮ್‌ನಲ್ಲಿ ಬಿದ್ದರೆ ಅಲ್ಲಿರುವ ಕ್ಲಿಪ್ ಅಥವಾ ಎಫೆಕ್ಟ್.

ಮದುವೆ ಕೆಲಸದಲ್ಲಿ ಈ ಕೊನೆಯದಕ್ಕೆ ಬಹಳ ಸಲ ಕಾರಣ ಫೋಟೊ ಕೊಲಾಜ್. 24 ಮೆಗಾಪಿಕ್ಸೆಲ್‌ನ ಒಂದು ಫೋಟೊ, ಜೆಪೆಗ್‌ನಲ್ಲಿ 8 ಎಂಬಿ ಇರಬಹುದು, ಪ್ರತಿ ಪಿಕ್ಸೆಲ್‌ನ ನಾಲ್ಕು ಚಾನೆಲ್‌ಗಳಿಗೂ ತಲಾ 32 ಬಿಟ್ ಲೆಕ್ಕದಲ್ಲಿ ಮೆಮೊರಿಯಲ್ಲಿ ಬಿಚ್ಚಿಕೊಂಡಾಗ 384 ಎಂಬಿ. ಒಂದೇ ಫ್ರೇಮ್‌ನಲ್ಲಿ ಒಂಬತ್ತು ಫೋಟೊ ಜೋಡಿಸಿದರೆ ಸುಮಾರು ಮೂರೂವರೆ ಜಿಬಿ. 4 ಜಿಬಿ ಮೆಮೊರಿಯ ಗ್ರಾಫಿಕ್ಸ್ ಕಾರ್ಡ್‌ಗೆ ಉಸಿರು ಕಟ್ಟುತ್ತದೆ. ಫೋಟೊಗಳನ್ನು 1920 ಪಿಕ್ಸೆಲ್ ಅಗಲಕ್ಕೆ ಇಳಿಸಿ ಆಮೇಲೆ ಟೈಮ್‌ಲೈನ್‌ಗೆ ತನ್ನಿ. ಅವಸರವಿದ್ದರೆ, ಎಡಿಟಿಂಗ್ ಸಾಫ್ಟ್‌ವೇರ್ ಅಡೋಬಿ ಪ್ರೀಮಿಯರ್ ಆಗಿದ್ದಲ್ಲಿ, ಅದರಲ್ಲಿ ಪ್ರಾಜೆಕ್ಟ್ ಸೆಟ್ಟಿಂಗ್ಸ್, ಜನರಲ್‌ಗೆ ಹೋಗಿ ರೆಂಡರರ್ ಅನ್ನು ಸಾಫ್ಟ್‌ವೇರ್ ಓನ್ಲಿ ಮಾಡಿ. ನಿಧಾನ, ಆದರೆ ಮುಗಿಯುತ್ತದೆ.

ಪೆನ್‌ಡ್ರೈವ್ ವಿಷಯಕ್ಕೆ ಮತ್ತೆ ಬಂದರೆ, ಅದರ ಮೇಲೆ ನೇರವಾಗಿ ರೆಂಡರ್ ಮಾಡಲೇಬೇಡಿ. ಒಳಗಿನ ಎಸ್‌ಎಸ್‌ಡಿಗೆ ಮಾಡಿ, ಫೈಲಿನ ಎರಡು ಪಟ್ಟು ಜಾಗ ಖಾಲಿ ಇರಲಿ: ಕೆಲವು ಸಾಫ್ಟ್‌ವೇರ್‌ಗಳು ವಿಡಿಯೊ, ಆಡಿಯೊ ಬೇರೆ ಬೇರೆ ಬರೆದು ಕೊನೆಗೆ ಕೂಡಿಸುತ್ತವೆ. ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆದರೆ ಫೈಲ್ ಸಿಸ್ಟಮ್ ಯಾವುದೆಂದು ಕಾಣುತ್ತದೆ. ಎಕ್ಸ್‌ಫ್ಯಾಟ್ ಎಂಬ ಇನ್ನೊಂದು ಫೈಲ್ ಸಿಸ್ಟಮ್‌ಗೆ ಫಾರ್ಮ್ಯಾಟ್ ಮಾಡಿದರೆ 4 ಜಿಬಿ ಗೋಡೆ ಹೋಗುತ್ತದೆ, ಜೊತೆಗೆ ಒಳಗಿರುವುದೆಲ್ಲ ಹೋಗುತ್ತದೆ. ಗಿರಾಕಿ ಕೊಟ್ಟ ಡ್ರೈವ್‌ನಲ್ಲಿ ಅವರ ಹಳೆಯ ಫೋಟೊ ಇದ್ದೀತು, ಕೇಳದೆ ಒತ್ತಬೇಡಿ.

ಮನೆಯಲ್ಲಿ ಹಳೆಯ ಟಿವಿ ಇದ್ದು ಫ್ಯಾಟ್32 ಮಾತ್ರ ಓದುತ್ತದೆ ಎಂದಾದರೆ ಒಂದು ಗಂಟೆಯ ವಿಡಿಯೊಗೆ 8 ಎಂಬಿಪಿಎಸ್ ಇಡಿ. ಆಡಿಯೊ ಸೇರಿ 3.75 ಜಿಬಿ ಒಳಗೆ ನಿಲ್ಲುತ್ತದೆ. ಇಲ್ಲವೇ ಮುಹೂರ್ತ ಒಂದು ಫೈಲ್, ಆರತಕ್ಷತೆ ಇನ್ನೊಂದು. ಕಾಪಿ ಮುಗಿದ ಮೇಲೆ ಇಜೆಕ್ಟ್ ಮಾಡಿ ತೆಗೆದು, ಮತ್ತೆ ಸಿಕ್ಕಿಸಿ, ಡ್ರೈವ್‌ನಿಂದಲೇ ಕೊನೆಯ ಐದು ನಿಮಿಷ ಓಡಿಸಿ ನೋಡಿ, ಆಮೇಲೆ ಕೊಡಿ.