ಡ್ವಾರ್ಫ್ ಸೈನ್ಯ: ಸೋಲಿಸೋದು ಕಷ್ಟ, ಗೆಲ್ಲೋದೂ ಕಷ್ಟ

ವಾರ್‌ಹ್ಯಾಮರ್ ಫ್ಯಾಂಟಸಿ ಅಂದರೆ ಪುಟ್ಟ ಗೊಂಬೆಗಳ ಸೈನ್ಯ ಕಟ್ಟಿ, ಡೈಸ್ ಎಸೆದು ಮೇಜಿನ ಮೇಲೆ ಆಡುವ ಯುದ್ಧದಾಟ. ಅದರ ನಿಯಮಗಳಿಗೆ 2010ಕ್ಕೆ ಎಂಟನೇ ಎಡಿಷನ್ ಬಂತು, 2014ಕ್ಕೆ ಡ್ವಾರ್ಫ್ ಸೈನ್ಯಕ್ಕೆ ಹೊಸ ಪುಸ್ತಕವೂ ಬಂತು. ನಾವು ಮಾತ್ರ ಏಳನೇ ಎಡಿಷನ್ ಬಿಟ್ಟು ಕದಲಿಲ್ಲ. ಹಾಗಾಗಿ ಇದು ಹಳೇ ಪುಸ್ತಕದ ಕುಳ್ಳರ ಬಗ್ಗೆ.

ಇವರ ಸಾಮಾನ್ಯ ವಾರಿಯರ್‌ಗೇ ಲೀಡರ್‌ಶಿಪ್ (ಹೆದರದೆ ನಿಲ್ಲುವ ಧೈರ್ಯದ ಅಂಕಿ) 9. ಬೇರೆ ಎಷ್ಟೋ ಸೈನ್ಯಗಳಲ್ಲಿ ಅದು ದಂಡನಾಯಕನಿಗೆ ಸಿಗುವ ಅಂಕಿ. ಟಫ್‌ನೆಸ್ (ಏಟು ತಾಳುವ ಗಟ್ಟಿತನ) 4. ಹೆವಿ ಆರ್ಮರ್ ತೊಟ್ಟು, ಗುರಾಣಿ ಹಿಡಿದು, ಮಾಮೂಲಿ ಕೊಡಲಿಯಲ್ಲಿ ಎದುರಾಎದುರು ನಿಂತರೆ ಸೇವ್ 3+, ಅಂದರೆ ಡೈಸಿನಲ್ಲಿ ಮೂರು ಅಥವಾ ಹೆಚ್ಚು ಬಿದ್ದರೆ ಕವಚ ಏಟು ತಡೆಯುತ್ತದೆ. ಹೆದರಿ ಓಡುವುದು ಅಪರೂಪ.

ಮಜಾ ಇರೋದು ಫಿರಂಗಿಯಲ್ಲಿ. ಮೊದಲೇ ಟೇಪ್ ಹಿಡಿದು ಅಳೆಯುವಂತಿಲ್ಲ. ದೂರವನ್ನು ಕಣ್ಣಂದಾಜಿನಲ್ಲೇ ಹೇಳಬೇಕು, ಆಮೇಲೆ ಆರ್ಟಿಲರಿ ಡೈಸ್ ಎಸೆಯಬೇಕು. ಅದರಲ್ಲಿ 2, 4, 6, 8, 10, ಇನ್ನೊಂದು ಮುಖ ಮಿಸ್‌ಫೈರ್, ಅಂದರೆ ಫಿರಂಗಿ ಕೈಕೊಟ್ಟ ಹಾಗೆ. ಬಿದ್ದ ಅಂಕಿ ನೀವು ಹೇಳಿದ ದೂರಕ್ಕೆ ಸೇರುತ್ತದೆ. ಆದ್ದರಿಂದ ಗುರಿಗಿಂತ ಎಂಟ್ಹತ್ತು ಇಂಚು ಕಡಿಮೆ ಹೇಳಿ, ಗುಂಡು ಮುಂದೆ ಬಿದ್ದು ಪುಟಿದುಕೊಂಡು ಹೋಗಿ ಹೊಡೆಯಲಿ. ಫಿರಂಗಿಯ ಮೇಲೆ ರೂನ್ ಆಫ್ ಫೋರ್ಜಿಂಗ್ (ರೂನ್ ಅಂದರೆ ಮಾಂತ್ರಿಕ ಅಕ್ಷರ) ಇದ್ದರೆ ಮಿಸ್‌ಫೈರ್ ಬಂದಾಗ ಮತ್ತೆ ಎಸೆಯಬಹುದು. ಯೋಚನೆಯೇ ಬೇಡ, ತಗೊಳ್ಳಿ.

ಮಾಂತ್ರಿಕರು ಇಲ್ಲವೇ ಇಲ್ಲ. ಬದಲಿಗೆ ಎದುರಾಳಿಯ ಮಂತ್ರ ತಡೆಯಲು ಎರಡರ ಜಾಗದಲ್ಲಿ ನಾಲ್ಕು ಡೈಸ್. ನಮ್ಮ ಮ್ಯಾಜಿಕ್ ಸರದಿಯಲ್ಲಿ ಆರಾಮಾಗಿ ಕಾಫಿ ಕುಡಿಯಬಹುದು.

ಇನ್ನು ಗೋಳು. ಮೂವ್‌ಮೆಂಟ್ 3, ಅಂದರೆ ಚಾರ್ಜ್ (ಶತ್ರುವಿನ ಮೇಲೆ ನುಗ್ಗುವ ಓಟ) ಆರೇ ಇಂಚು. ಬಾರ್ಡಿಂಗ್ (ಕುದುರೆಯ ಕವಚ) ಹಾಕಿದ ಕುದುರೆಯ ನೈಟ್ ಕೂಡ ಹದಿನಾಲ್ಕು ಇಂಚಿನಿಂದ ನುಗ್ಗುತ್ತಾನೆ. ಮೊದಲ ಏಟು ನಮ್ಮದಾಗುವುದು ಯಾವಾಗಲೋ ಒಮ್ಮೆ. ಅದನ್ನಾದರೂ ಸಹಿಸಬಹುದು. ನನಗೆ ಜಾಸ್ತಿ ಉರಿಯೋದು ಗೆದ್ದ ಮೇಲೆ. ಶತ್ರುವಿನ ಕುದುರೆಗಳು ಮೂರು ಡೈಸ್ ದೂರ ಓಡುತ್ತವೆ, ನಮ್ಮವರು ಅಟ್ಟಿಸಿಕೊಂಡು ಹೋಗೋದು ಎರಡು ಡೈಸ್, ಅದರಲ್ಲೂ ಒಂದು ಕಳೆಯಬೇಕು. ಸಿಗ್ತಾರಾ? ಓಡಿದವರು ಸುಧಾರಿಸಿಕೊಂಡು ವಾಪಸ್ ಬರುತ್ತಾರೆ. ಆಟದ ಕೊನೆಗೆ ಮೇಜಿನ ಒಂದೊಂದು ಕಾಲುಭಾಗ ಹಿಡಿದವರಿಗೆ ನೂರು ಗೆಲುವಿನ ಪಾಯಿಂಟ್. ನಾವು ಮೂಲೆಯಲ್ಲಿ ಫಿರಂಗಿ ಕಾಯುತ್ತಾ ಕೂತಿರುತ್ತೇವೆ, ಉಳಿದ ಮೂರು ಭಾಗ ಅವರ ಪಾಲು. ಡ್ರಾ. ಮುಂದಿನ ವಾರವೂ ಡ್ರಾ. ಎದುರು ಕೂತವರು ಆಕಳಿಸುತ್ತಾರೆ, ಅವರನ್ನು ಬೈಯೋ ಹಾಗೂ ಇಲ್ಲ.

ಅದಕ್ಕೇ ನಾನು ಬರೀ ಗನ್‌ಲೈನ್ (ನಿಂತಲ್ಲಿಂದಲೇ ಗುಂಡು ಹೊಡೆಯುವ ಸಾಲು) ಕಟ್ಟುವುದಿಲ್ಲ. ಆ್ಯನ್ವಿಲ್ ಆಫ್ ಡೂಮ್ ಅನ್ನೋ ಮಾಂತ್ರಿಕ ಅಡಿಗಲ್ಲು ದುಬಾರಿ. ಸೈನ್ಯ ಕಟ್ಟಲು 2000 ಪಾಯಿಂಟ್ ಕೊಡುವ ಆಟದಲ್ಲಿ ಸಿಗುವ ಒಂದೇ ಲಾರ್ಡ್ (ದೊಡ್ಡ ನಾಯಕ) ಜಾಗವನ್ನೂ ಅದೇ ನುಂಗುತ್ತದೆ. ಆದರೆ ಅದರ ಒಂದು ರೂನ್ ಶೂಟಿಂಗ್ ಸರದಿಯಲ್ಲಿ ನಮ್ಮ ಯೂನಿಟ್ಟನ್ನು ಇನ್ನೊಮ್ಮೆ ನಡೆಸುತ್ತದೆ. ಸುಮ್ನೆ ನಿಂತಿದ್ದ ಹ್ಯಾಮರರ್‌ಗಳು (ಸುತ್ತಿಗೆ ಹಿಡಿದ ಕುಳ್ಳರು) ದಿಢೀರನೆ ಬಂದು ಮೈಮೇಲೆ ಬಿದ್ದಾಗ ಎದುರಾಳಿಯ ಮುಖ ನೋಡಬೇಕು! ಮೈನರ್‌ಗಳು (ಗಣಿ ಅಗೆಯುವವರು) ನೆಲದಡಿಯಿಂದ ಬಂದು ಹಿಂದಿನ ಅಂಚಿನಲ್ಲಿ ಏಳುತ್ತಾರೆ. ಆದರೆ ಡೈಸ್ ಕೈಕೊಟ್ಟರೆ ಬರುವಷ್ಟರಲ್ಲಿ ಆಟವೇ ಮುಗಿಯುತ್ತಾ ಬಂದಿರುತ್ತದೆ. ಜೈರೋಕಾಪ್ಟರ್ ಅನ್ನೋ ಹಾರುವ ಯಂತ್ರದಿಂದ ದೊಡ್ಡ ಹೊಡೆತ ನಿರೀಕ್ಷಿಸಬೇಡಿ. ಶತ್ರುವಿನ ಬೆನ್ನ ಹಿಂದೆ ಎಂಟು ಇಂಚಿನೊಳಗೆ ಇಳಿಸಿ, ಅವರ ಮಾರ್ಚ್ (ದುಪ್ಪಟ್ಟು ದೂರದ ನಡಿಗೆ) ನಿಂತರೆ ಅಷ್ಟೇ ಸಾಕು.

ಸ್ಲೇಯರ್‌ಗಳು ಬಣ್ಣ ಹಚ್ಚೋಕೆ ಚೆಂದ. ಕಿತ್ತಳೆ ಜುಟ್ಟು, ಬರಿಮೈ. ಬೆನ್ನು ತೋರಿಸುವವರಲ್ಲ, ಆದರೆ ಕವಚವಿಲ್ಲದೆ ಬಾಣಕ್ಕೇ ಅರ್ಧ ಜನ ಹೋಗುತ್ತಾರೆ.

ಐದಕ್ಕೆ ಮೂರೂವರೆ ಕೊಡುತ್ತೇನೆ. ವುಡ್ ಎಲ್ಫ್ ಎದುರು ಆಡುವುದಾದರೆ ಎರಡನೇ ಫಿರಂಗಿ ಮನೆಯಲ್ಲೇ ಇರಲಿ. ಅವರ ಟ್ರೀಮ್ಯಾನ್‌ಗೆ (ನಡೆದಾಡುವ ಮರದ ದೈತ್ಯ) ಒಂದು ಸಾಕು. ಉಳಿದ ಪಾಯಿಂಟಿಗೆ ಕ್ವಾರೆಲರ್‌ಗಳನ್ನು (ಕ್ರಾಸ್‌ಬೋ ಹಿಡಿದವರು) ತಗೊಂಡು, ಅವರ ಕೈಗೆ ಗ್ರೇಟ್ ವೆಪನ್ (ಎರಡು ಕೈಯಲ್ಲಿ ಹಿಡಿಯುವ ಆಯುಧ) ಕೊಡಿ.