ಒಳಕೋಣೆಯ ಕಂಪ್ಯೂಟರಿಗೆ ನಿಲ್ಲದ ಇಂಟರ್ನೆಟ್: ಡಾಂಗಲ್, ರಿಪೀಟರ್, ಫೋನ್, ಲ್ಯಾನ್ ಕೇಬಲ್

ತಿಂಗಳ 11 ಮತ್ತು 20 ನನಗೆ ತಪ್ಪಿಸಲಾಗದ ದಿನಗಳು. ಶಿರಸಿ ಪೇಟೆಯ ಕೆಲವು ಅಂಗಡಿಗಳ ಜಿಎಸ್‌ಟಿ ಲೆಕ್ಕವನ್ನು ನಾನು ನೋಡಿಕೊಳ್ಳುತ್ತೇನೆ. 11ಕ್ಕೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1, 20ಕ್ಕೆ ತೆರಿಗೆ ಲೆಕ್ಕ ಕೊಟ್ಟು ಕಟ್ಟುವ 3ಬಿ ರಿಟರ್ನ್. ಬನವಾಸಿ ರಸ್ತೆಯ ಕಡೆ ತೋಟದಂಚಿನಲ್ಲಿರುವ ನಮ್ಮ ಹಳೆಯ ಮನೆಯಲ್ಲಿ ಕಂಪ್ಯೂಟರ್ ಇರುವುದು ಒಳಕೋಣೆಯಲ್ಲಿ, ಫೈಬರಿನ ಪೆಟ್ಟಿಗೆ, ಅಂದರೆ ವೈಫೈ ಕೊಡುವ ರೂಟರ್, ಇರುವುದು ಜಗಲಿಯಲ್ಲಿ. ನಡುವೆ ದಪ್ಪನೆಯ ಮೂರು ಚಿರೇಕಲ್ಲಿನ ಗೋಡೆಗಳು. ಕಳೆದ ಮಳೆಗಾಲದಲ್ಲಿ ಅರ್ಧ ತಾಸಿಗೊಮ್ಮೆ ಸಂಪರ್ಕ ಕಡಿಯತೊಡಗಿತು. ಒಟಿಪಿ ಹಾಕುವ ಹೊತ್ತಿಗೇ ಕಡಿದರೆ ಮತ್ತೆ ಲಾಗಿನ್‌ನಿಂದ ಆರಂಭಿಸಬೇಕು. ಹೀಗೆ ಒಂದು ತಿಂಗಳು ಒದ್ದಾಡಿದ ಮೇಲೆ ನಾಲ್ಕು ದಾರಿಗಳನ್ನು ಒಂದೊಂದಾಗಿ ಬಳಸಿ ನೋಡಿದೆ.

ಆದರೆ ಕಡಿಯುತ್ತಿರುವುದು ಎಲ್ಲಿ ಎಂದು ತಿಳಿಯದೆ ಯಾವುದನ್ನೂ ಕೊಳ್ಳಬಾರದು. ಮೊದಲ ಸುಳಿವು ಸಿಕ್ಕಿದ್ದು ಆಯಿಯಿಂದ. ನಾನು ಒಳಗಿನಿಂದ "ನೆಟ್ ಹೋಯಿತು" ಎಂದು ಕೂಗಿದಾಗ ಜಗಲಿಯಲ್ಲಿ ಕುಳಿತಿದ್ದ ಅವಳು, "ಇಲ್ಲ ತಮಾ, ನನ್ನ ಫೋನಿನಲ್ಲಿ ಭಜನೆ ಬರುತ್ತಲೇ ಇದೆ" ಎಂದಳು. ಅದೇ ವೈಫೈ, ಅದೇ ಹೊತ್ತು. ಆಮೇಲೆ ಕಂಪ್ಯೂಟರಿನಲ್ಲಿ ಎರಡು ಕಮಾಂಡ್ ಕಿಟಕಿಗಳನ್ನು ತೆರೆದು ಎರಡು ಪಿಂಗ್‌ಗಳನ್ನು (ಒಂದು ವಿಳಾಸದಿಂದ ಉತ್ತರ ಬರುತ್ತಿದೆಯೇ ಎಂದು ನೋಡುವ ಕಮಾಂಡ್) ಬಿಡದೆ ಓಡಿಸಿದೆ: ಒಂದು ನಮ್ಮ ರೂಟರಿನ ವಿಳಾಸವಾದ 192.168.1.1ಕ್ಕೆ, ಇನ್ನೊಂದು ಹೊರಗಿನ 8.8.8.8ಕ್ಕೆ. ಮೊದಲನೆಯದೇ ನಿಂತರೆ ತೊಂದರೆ ಮನೆಯೊಳಗೆ. ಮೊದಲನೆಯದು ಓಡುತ್ತಲೇ ಇದ್ದು ಎರಡನೆಯದು ಮಾತ್ರ ನಿಂತರೆ ತೊಂದರೆ ಹೊರಗಿನ ಲೈನಿನಲ್ಲಿರುವ ಸಾಧ್ಯತೆಯೇ ಹೆಚ್ಚು. ಅದರ ಜೊತೆಗೆ ಪೆಟ್ಟಿಗೆಯಲ್ಲಿ ಎಲ್‌ಒಎಸ್ ಎಂಬ ಕೆಂಪು ದೀಪವೂ ಹೊತ್ತಿಕೊಂಡರೆ ಫೈಬರಿನ ಬೆಳಕೇ ಬರುತ್ತಿಲ್ಲ ಎಂದರ್ಥ. ಆಗ ದೂರು ಕೊಡಬೇಕೇ ಹೊರತು ಏನನ್ನು ಕೊಂಡರೂ ಪ್ರಯೋಜನವಿಲ್ಲ. ನನ್ನಲ್ಲಿ ಹೆಚ್ಚಿನ ಸಲ ನಿಂತದ್ದು ಮೊದಲನೆಯದು.

ಆದ್ದರಿಂದ ಕಂಪ್ಯೂಟರಿಗೆ ವೈಫೈ ಹಿಡಿದುಕೊಡುವ, ಮೊದಲೇ ಇದ್ದ ಯುಎಸ್‌ಬಿ ಡಾಂಗಲ್‌ನಿಂದಲೇ ಆರಂಭಿಸಿದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಅದರ ಪವರ್ ಮ್ಯಾನೇಜ್‌ಮೆಂಟ್ ಪುಟ ತೆರೆದು, ವಿದ್ಯುತ್ ಉಳಿಸಲು ವಿಂಡೋಸ್ ಈ ಸಾಧನವನ್ನು ಆರಿಸಬಹುದು ಎಂಬ ಗುರುತನ್ನು ತೆಗೆದೆ. ಊಟ ಮಾಡಿ ಬಂದಾಗಲೆಲ್ಲ ಸಂಪರ್ಕ ಸತ್ತಿರುತ್ತಿದ್ದುದು ಅಲ್ಲಿಗೆ ನಿಂತಿತು. ಆದರೂ ಸಂಜೆಯ ಕಡಿತ ಹೋಗಲಿಲ್ಲ. ನಾನು ದಿನಾ ಸಂಜೆ ಲೆಕ್ಕದ ಕಡತಗಳನ್ನು ಹೊರಗಿನ ಹಾರ್ಡ್ ಡಿಸ್ಕಿಗೆ ನಕಲು ಮಾಡುತ್ತೇನೆ. ಆ ಡಿಸ್ಕಿನ ತಂತಿ ಡಾಂಗಲ್‌ನ ಪಕ್ಕದ ಕಿಂಡಿಯಲ್ಲೇ ಇತ್ತು. ಯುಎಸ್‌ಬಿ 3.0 ಓಡುವಾಗ ಹೊಮ್ಮುವ ರೇಡಿಯೋ ಗದ್ದಲ 2.4 ಗಿಗಾಹರ್ಟ್ಸ್‌ವರೆಗೂ ಹರಡುತ್ತದೆ. ನಮ್ಮ ವೈಫೈ ಇರುವುದೂ ಅಲ್ಲೇ. ಮೂರು ಗೋಡೆ ದಾಟಿ ಸೊರಗಿ ಬರುವ ಸಂಕೇತ ಆ ಗದ್ದಲದಲ್ಲಿ ಮುಳುಗಿಹೋಗುತ್ತಿತ್ತು. ಒಂದು ಮೀಟರಿನ ಎಕ್ಸ್‌ಟೆನ್ಷನ್ ತಂತಿ ಹಾಕಿ ಡಾಂಗಲ್ ಅನ್ನು ಡಿಸ್ಕಿನಿಂದ ದೂರ, ಬಾಗಿಲಿನ ಕಡೆಗೆ ಇಟ್ಟೆ. ನೂರೈವತ್ತು ರೂಪಾಯಿಯೊಳಗಿನ ಈ ತಂತಿಯಿಂದ ದಿನಕ್ಕೆ ಹತ್ತಾರು ಸಲ ಕಡಿಯುತ್ತಿದ್ದುದು ಎರಡು ಮೂರಕ್ಕೆ ಇಳಿಯಿತು. ಬಾಡಿಗೆ ಮನೆಯಲ್ಲಿರುವವರಿಗೆ, ಗೋಡೆ ಕೊರೆಯಲಾಗದವರಿಗೆ ನಾನು ಮೊದಲು ಹೇಳುವುದು ಇದನ್ನೇ. 5 ಗಿಗಾಹರ್ಟ್ಸ್‌ಗೂ ಬದಲಾಯಿಸಿ ನೋಡಿದೆ. ಜಗಲಿಯಲ್ಲಿ ಅದು ವೇಗವಾಗಿದೆ, ಒಳಕೋಣೆಯವರೆಗೆ ತಲುಪುವುದೇ ಇಲ್ಲ.

ವೈಫೈ ಸಂಕೇತವನ್ನು ನಡುವೆ ಹಿಡಿದು ಮುಂದಕ್ಕೆ ಕಳಿಸುವ ರಿಪೀಟರನ್ನು ನಂಬಿ 1,200 ರೂಪಾಯಿ ಕೊಟ್ಟೆ. ನಡುಮನೆಯಲ್ಲಿ ಚುಚ್ಚಿದ ಕೂಡಲೇ ಕಂಪ್ಯೂಟರಿನಲ್ಲಿ ಸಂಕೇತದ ಗೆರೆಗಳೆಲ್ಲ ತುಂಬಿಕೊಂಡವು. ಆದರೆ ಆ ಗೆರೆಗಳು ತೋರಿಸುವುದು ರಿಪೀಟರಿನವರೆಗಿನ ದಾರಿಯನ್ನು ಮಾತ್ರ. ಅಲ್ಲಿಂದ ಜಗಲಿಯವರೆಗಿನ ದಾರಿ ಕೆಟ್ಟರೂ ಅವು ತುಂಬಿಯೇ ಇರುತ್ತವೆ. ಒಂದೇ ಚಾನೆಲ್‌ನಲ್ಲಿ ಕೇಳಿಸಿಕೊಂಡು ಮತ್ತೆ ಹೇಳಬೇಕಾದ್ದರಿಂದ ವೇಗವೂ ಸುಮಾರು ಅರ್ಧಕ್ಕೆ ಬಿತ್ತು. ಮೇಲಾಗಿ ನಡುಮನೆಯ ಪ್ಲಗ್ಗಿಗೆ ಇನ್ವರ್ಟರ್ ಇಲ್ಲ. ಕರೆಂಟು ಒಂದು ಕ್ಷಣ ಹೋಗಿ ಬಂದರೂ ಅದು ಎದ್ದು ಕೂಡಲು ಎರಡು ನಿಮಿಷ ತೆಗೆದುಕೊಳ್ಳುತ್ತಿತ್ತು, ಮಳೆಗಾಲದಲ್ಲಿ ಕರೆಂಟು ಹೋಗದ ದಿನವೇ ಇಲ್ಲ. ನನ್ನ ಕೆಲಸಕ್ಕೆ ಇದು ಡಾಂಗಲ್‌ಗಿಂತಲೂ ಹಿಂದೆ ಬಿತ್ತು.

ಫೋನನ್ನು ಯುಎಸ್‌ಬಿ ತಂತಿಯಲ್ಲಿ ಸಿಕ್ಕಿಸಿ ಟೆದರಿಂಗ್ ಮಾಡುವುದು, ಅಂದರೆ ಫೋನಿನ ಮೊಬೈಲ್ ಡೇಟಾವನ್ನು ಕಂಪ್ಯೂಟರಿಗೆ ಕೊಡುವುದು, ಮೂರನೆಯದು. ತೋಟದ ಕಡೆಯ ಕಿಟಕಿಯ ಮೇಲೆ ಇಟ್ಟರೆ ಮಾತ್ರ ಟವರ್ ಸಿಗುತ್ತದೆ, ದಿನದ ಡೇಟಾಕ್ಕೂ ಮಿತಿಯಿದೆ. ಆದರೆ ರಿಟರ್ನ್ ಸಲ್ಲಿಸಲು ಬೇಕಾಗುವ ಡೇಟಾ ಬಹಳ ಕಡಿಮೆ. ಮನೆಯ ಫೈಬರಿಗೂ ಇದಕ್ಕೂ ಸಂಬಂಧವೇ ಇಲ್ಲದಿರುವುದು ಇದರ ದೊಡ್ಡ ಗುಣ.

ಕೊನೆಗೆ, ರೂಟರಿನಿಂದ ಕಂಪ್ಯೂಟರಿಗೆ ನೇರವಾಗಿ ಎಳೆಯುವ ಲ್ಯಾನ್ ಕೇಬಲ್. ಮೊದಲು ತಂದದ್ದು ಅಗ್ಗದ್ದು, ತಾಮ್ರದ ಲೇಪನವಿದ್ದ ಅಲ್ಯೂಮಿನಿಯಂ. ಬಾಗಿಲ ಮೂಲೆಯಲ್ಲಿ ಬಗ್ಗಿಸಿದಲ್ಲಿ ಒಂದು ಎಳೆ ಮುರಿಯಿತು. ಆದರೂ ಸಂಪರ್ಕ ಇತ್ತು, ವೇಗ ಮಾತ್ರ 100 ಮೆಗಾಬಿಟ್‌ಗೆ ನಿಂತಿತ್ತು: ಗಿಗಾಬಿಟ್‌ಗೆ ನಾಲ್ಕೂ ಜೋಡಿ ಎಳೆಗಳು ಬೇಕು, 100ಕ್ಕೆ ಎರಡು ಜೋಡಿ ಸಾಕು. ಎರಡನೆಯ ಸಲ ಪೂರ್ತಿ ತಾಮ್ರದ, ಕ್ಯಾಟ್ 6 ದರ್ಜೆಯ ಕೇಬಲನ್ನು 25 ಮೀಟರ್ ತಂದೆ. ಈ ಕೇಬಲ್ 100 ಮೀಟರಿನವರೆಗೆ ಎಳೆಯಬಹುದಾದ್ದರಿಂದ ಉದ್ದದ ಚಿಂತೆ ಇರಲಿಲ್ಲ. ಅಟ್ಟದ ಮೇಲೆ ಎಳೆದರೆ ಇಲಿ ಕಡಿಯುತ್ತದೆ. ಅದಕ್ಕಾಗಿ ಗೋಡೆಯ ಬುಡದಲ್ಲಿ ಪ್ಲಾಸ್ಟಿಕ್ ಕೇಸಿಂಗ್ ಪಟ್ಟಿಯೊಳಗೆ ಒಯ್ದೆ. ತುದಿಗೆ ಕನೆಕ್ಟರ್ ಒತ್ತುವಾಗ ಬಣ್ಣಗಳ ಕ್ರಮ ಎರಡೂ ಕಡೆ ಒಂದೇ ಇರಬೇಕು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಆ ದಿನ ರಾತ್ರಿಯಿಡೀ ಪಿಂಗ್ ಓಡಿಸಿಟ್ಟು ಮಲಗಿದೆ. ಬೆಳಿಗ್ಗೆ ನೋಡಿದರೆ ರೂಟರಿನ ಕಡೆಗೆ ಒಂದೂ ತಪ್ಪಿರಲಿಲ್ಲ. ಅಂದಿನ ಸಮಾಧಾನವನ್ನು ನಾನು ಮರೆತಿಲ್ಲ.

ಕೇಬಲ್‌ಗೆ ಒಂದು ಅಪಾಯವೂ ಇದೆ. ಫೈಬರಿನ ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ, ಆದರೆ ಪೆಟ್ಟಿಗೆಯ ಅಡಾಪ್ಟರಿನ ಮೂಲಕ ಬರುವ ಸಿಡಿಲಿನ ಆಘಾತ ಈ ತಾಮ್ರದಲ್ಲಿ ಹರಿದು ನೇರವಾಗಿ ಕಂಪ್ಯೂಟರಿಗೆ ಬರಬಹುದು. ವೈಫೈನಲ್ಲಿ ಆ ದಾರಿ ಇಲ್ಲ. ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ಗುಡುಗು ಕೇಳುವ ಮೊದಲೇ, ಮೋಡ ಕಪ್ಪಾದ ಕೂಡಲೇ ಅಡಾಪ್ಟರನ್ನೂ ಲ್ಯಾನ್ ಕೇಬಲನ್ನೂ ಕಿತ್ತಿಡುತ್ತೇನೆ, ಆಯಿಗೂ ಹೇಳಿಕೊಟ್ಟಿದ್ದೇನೆ. ಕರೆಂಟು ಹೋದಾಗ ಪೆಟ್ಟಿಗೆ ಆರದಂತೆ 12 ವೋಲ್ಟಿನ ಚಿಕ್ಕ ಯುಪಿಎಸ್ ಹಾಕಿದ್ದೇನೆ. ಕೊಳ್ಳುವಾಗ ಪೆಟ್ಟಿಗೆಯ ಹಿಂದೆ ಬರೆದಿರುವ ವೋಲ್ಟ್, ಆಂಪಿಯರ್‌ಗಳನ್ನು ನೋಡಿಕೊಂಡೇ ಕೊಳ್ಳಬೇಕು.

ಹೋದ ತಿಂಗಳ 20ರಂದು ಗಾಳಿಗೆ ಅಡಿಕೆ ಮರವೊಂದು ಮುರಿದು ಲೈನಿನ ಮೇಲೆ ಬಿತ್ತು. ಕೆಂಪು ದೀಪ ಹೊತ್ತಿತು. ಇನ್ನೂ ಎರಡು ಅಂಗಡಿಗಳ 3ಬಿ ಬಾಕಿಯಿತ್ತು. ಫೋನನ್ನು ಕಿಟಕಿಗೆ ಒಯ್ದು ತಂತಿ ಸಿಕ್ಕಿಸಿ, ಏಳು ಗಂಟೆಯೊಳಗೆ ಎರಡನ್ನೂ ಸಲ್ಲಿಸಿದೆ. ರಿಪೀಟರ್ ಈಗ ಅಡುಗೆಮನೆಯಲ್ಲಿದೆ, ಆಯಿಯ ಭಜನೆಗೆ.