ಕರಡು ತಿದ್ದಿಸಲು ಹೋಗಬಹುದಾದ ಅಂಗಡಿ

ದಾವಣಗೆರೆಯ ಜಯದೇವ ವೃತ್ತದ ಆಸುಪಾಸಿನ ಈ ಡಿಟಿಪಿ ಅಂಗಡಿಯಲ್ಲಿ ಟೈಪಿಂಗ್ ಸಾಧಾರಣ. ಹೋಗಬೇಕಾದ್ದು ಹಸ್ತಪ್ರತಿ ತಿದ್ದಿಸಲು.

ಮೊದಲ ಸುತ್ತಿನಲ್ಲಿ ಕಾಗುಣಿತ ಮುಟ್ಟುವುದೇ ಇಲ್ಲ. ಕಥೆ ನಿಜವಾಗಿ ಎಲ್ಲಿ ಶುರುವಾಗುತ್ತದೆ, ಯಾವ ಪ್ಯಾರಾ ಹೇಳಿದ್ದನ್ನೇ ಹೇಳುತ್ತಿದೆ ಎಂದು ಅಂಚಿನಲ್ಲಿ ಪೆನ್ಸಿಲ್ ಗುರುತು ಹಾಕುತ್ತಾರೆ. ತಾವೇ ಬರೆದು ತುಂಬುವುದಿಲ್ಲ, ಪ್ರಶ್ನೆ ಕೇಳಿ ಬಿಡುತ್ತಾರೆ. ಬರೆಯುವವರ ಕೈ ಪಳಗುವುದು ಇದರಿಂದಲೇ. ಸಂಭಾಷಣೆಯ ‘ಬರಾಕತ್ತಾನ’ವನ್ನು ‘ಬರುತ್ತಿದ್ದಾನೆ’ ಮಾಡಿ ಕೆಡಿಸುವ ಚಟವಿಲ್ಲ (ಎಷ್ಟೋ ಕಡೆ ಇದೇ ಗೋಳು). ಪುಟಕ್ಕೊಂದು ಥರ ಬರೆದಿದ್ದರೆ ಮಾತ್ರ ಪಟ್ಟಿ ಮಾಡಿ ಒಂದೇ ರೂಪಕ್ಕೆ ತರುತ್ತಾರೆ. ಅ-ಹ, ಶ-ಷ, ಮಹಾಪ್ರಾಣಗಳದ್ದು ಎರಡನೇ ಸುತ್ತು.

ಎಡವುವುದು ‘ನುಡಿ’ ತಂತ್ರಾಂಶದಲ್ಲಿ ಟೈಪಾದದ್ದನ್ನು ಎಲ್ಲ ಕಂಪ್ಯೂಟರಿನಲ್ಲೂ ಓದಬಲ್ಲ ಯೂನಿಕೋಡಿಗೆ ಬದಲಿಸುವಾಗ. ‘ರ‍್ಯಾಂಕ್’ ಹೋಗಿ ‘ರ್ಯಾಂಕ್’ ಆಗುತ್ತದೆ, ಯಾರೂ ನೋಡುವುದಿಲ್ಲ. ಪುಟ ಕಟ್ಟಿದ ಮೇಲೆ ಕಾಗದದ ಪ್ರತಿ ಕೇಳಿ ಪಡೆದು ಓದಿ.

ಪುಸ್ತಕ ಮುದ್ರಣವಾಗುವುದು ಫಾರಂ ಲೆಕ್ಕದಲ್ಲಿ, 16 ಪುಟಕ್ಕೊಂದು ಫಾರಂ. 98 ಪುಟವಾದರೆ ಮುದ್ರಣ 112ರ ಲೆಕ್ಕಕ್ಕೆ ಏರುತ್ತದೆ. ಎರಡು ಪುಟ ಕತ್ತರಿಸಿದರೆ 96ಕ್ಕೇ ನಿಲ್ಲುತ್ತದೆ. ಇದನ್ನು ಮೊದಲೇ ಹೇಳಿ, ಕತ್ತರಿಸಬಹುದಾದ ಸಾಲುಗಳನ್ನೂ ತೋರಿಸುತ್ತಾರೆ. ರಾಜ್ಯೋತ್ಸವಕ್ಕೇ ಪುಸ್ತಕ ಬರಬೇಕೆಂಬ ಗಡಿಬಿಡಿಯವರಿಗೆ ಮಾತ್ರ ಈ ಜಾಗ ಆಗಿಬರದು.